ಊರಿನ ಅಪ್ಪೆಮರ, ಕಾಲೇಜಿನ ತೋಟ

ಕೇಳುಗರಿಗೆ ನಮಸ್ಕಾರ.

ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಹಳದೋಟದ ಅಪ್ಪೆ, ಕಂಚಪ್ಪೆ, ಜೀರಿಗೆ ಅಪ್ಪೆ. ನಮ್ಮ ಮಲೆನಾಡಿನ ಅಪ್ಪೆಗೆ, ಅಂದರೆ ಉಪ್ಪಿನಕಾಯಿಗೆ ಹಾಕುವ ಮಿಡಿಮಾವಿಗೆ ಇರುವ ಹೆಸರುಗಳಲ್ಲಿ ಇವು ಕೆಲವು ಮಾತ್ರ. ಒಂದರಲ್ಲಿ ಮನುಷ್ಯನ ಹೆಸರಿದೆ, ಒಂದರಲ್ಲಿ ಊರಿದೆ, ಇನ್ನೊಂದರಲ್ಲಿ ಪರಿಮಳವೇ ಇದೆ. ಅಘನಾಶಿನಿ, ಬೇಡ್ತಿ, ಶರಾವತಿ, ವರದೆಯ ದಂಡೆಯಲ್ಲಿದ್ದ ಇಂಥ ಮರಗಳು ಎಷ್ಟೋ ಕಡೆ ಹೊಳೆ ಬುಡ ಕೊರೆದು ಬಿದ್ದಿವೆ. ಮಿಡಿ ಕೊಯ್ಯುವ ಅವಸರದಲ್ಲಿ ಟೊಂಗೆಯನ್ನೇ ಕಡಿದು ಕೆಡವಿದ್ದರಿಂದ ಸೊರಗಿದ ಮರಗಳೂ ಕಡಿಮೆಯಿಲ್ಲ. ಗೊರಟೆಯಿಂದ ಎದ್ದ ಸಸಿಗೆ ತಾಯಿಮರದ ಹುಳಿ, ಸೊನೆ, ಪರಿಮಳ ಹಾಗೇ ಬಂದೀತೆಂಬ ಭರವಸೆಯಿಲ್ಲ. ಅದಕ್ಕೆ ಕಸಿಯೇ ಬೇಕು.

ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಅರಣ್ಯ ಮಹಾವಿದ್ಯಾಲಯವಿದೆ. ಇಂಥ ಆವರಣದಲ್ಲಿ ಊರವರಿಗೆ ತೆರೆದ ತೋಟವೆಂದರೆ ಹುಲ್ಲುಹಾಸು, ಕಲ್ಲುಬೆಂಚು ಇಷ್ಟಕ್ಕೇ ನಿಲ್ಲಬಾರದು. ಸುತ್ತಲಿನ ಊರುಗಳ ಒಂದೊಂದು ಅಪ್ಪೆಯೂ ಅಲ್ಲಿ ತನ್ನ ಹೆಸರಿನ ಸಮೇತ ಬೆಳೆಯಬೇಕು.

ಕೆಲಸ ಮೊದಲಾಗುವುದು ಮರ ಆರಿಸುವಲ್ಲಿ. 2024ರ ಡಿಸೆಂಬರಿನಲ್ಲಿ ತೀರಿಕೊಂಡ, ಅಂಕೋಲೆಯ ಹೊನ್ನಳ್ಳಿಯ ಪದ್ಮಶ್ರೀ ತುಳಸಿ ಗೌಡರು ಕಾಡಿನಲ್ಲಿ ತಾಯಿಮರ ಗುರುತಿಸುವುದರಲ್ಲಿ ಎತ್ತಿದ ಕೈ. ಆ ಬಗೆಯ ಕಣ್ಣು ಊರಲ್ಲಿ ಮಿಡಿ ಕೊಯ್ಯುವವರಿಗೆ, ಉಪ್ಪಿಗೆ ಹಾಕುವ ಹೆಂಗಸರಿಗೆ ಇರುತ್ತದೆ. ಯಾವ ಮರದ ಮಿಡಿ ಉಪ್ಪಿನಲ್ಲಿ ಮೂರು ವರ್ಷ ಕಳೆದರೂ ಗಟ್ಟಿಯಿರುತ್ತದೆ, ಯಾವುದು ಆರು ತಿಂಗಳಿಗೇ ಮೆತ್ತಗಾಗುತ್ತದೆ ಎಂಬುದು ಅವರಿಗೆ ಗೊತ್ತು. ವಿದ್ಯಾರ್ಥಿಗಳು ಮೊದಲು ಅವರನ್ನು ಕೇಳಬೇಕು.

ಕಸಿಗೆ ಬುಡವಾಗುವ ಬೇರುಸಸಿಗೆ ಕಾಡುಮಾವಿನ ಗೊರಟೆ ಸಾಕು. ಹಣ್ಣು ಬಿದ್ದ ಎರಡು ಮೂರು ವಾರದೊಳಗೆ ಬಿತ್ತಬೇಕು; ಒಣಗಿದ ಗೊರಟೆ ಹುಟ್ಟುವುದಿಲ್ಲ. ಮುಂದಿನ ಮಳೆಗಾಲಕ್ಕೆ ಸಸಿ ಪೆನ್ಸಿಲ್ ದಪ್ಪವಾಗುತ್ತದೆ. ಅಪ್ಪೆಮರದಿಂದ ತರುವ ಕಸಿಕಡ್ಡಿ ಮೂರು ನಾಲ್ಕು ತಿಂಗಳಿನದು, ಬೇರುಸಸಿಯಷ್ಟೇ ದಪ್ಪದ್ದು, 10ರಿಂದ 15 ಸೆಂಟಿಮೀಟರ್ ಉದ್ದದ್ದು ಇರಲಿ. ಕತ್ತರಿಸುವ ವಾರ ಹತ್ತು ದಿನ ಮೊದಲೇ ಮರದ ಮೇಲಿರುವಾಗ ಅದರ ಎಲೆ ತೆಗೆದು ತೊಟ್ಟು ಮಾತ್ರ ಬಿಟ್ಟರೆ ತುದಿಮೊಗ್ಗು ಉಬ್ಬುತ್ತದೆ. ಉಬ್ಬಿದ ಮೇಲೆ, ಒಡೆಯುವ ಮೊದಲು ಕತ್ತರಿಸಬೇಕು. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಅದೇ ದಿನ ಕಟ್ಟಿದರೆ ಒಳ್ಳೆಯದು. ಸಸಿಯ ಎಳೆ ಕಾಂಡದ ತುದಿ ಕತ್ತರಿಸಿ ನಡುವೆ ಸೀಳಿ, ಕಡ್ಡಿಯ ಬುಡವನ್ನು ಮೂರು ನಾಲ್ಕು ಸೆಂಟಿಮೀಟರ್ ಬೆಣೆಯಂತೆ ಕೆತ್ತಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಬೇಕು. ಮೇಲೆ ಐಸ್‌ಕ್ಯಾಂಡಿ ಕೊಟ್ಟೆ ಹಾಕಿ ಕೆಳಗೆ ಕಟ್ಟಿದರೆ ಒಳಗಿನ ತೇವ ಆರುವುದಿಲ್ಲ. ಎರಡು ಮೂರು ವಾರಕ್ಕೆ ಚಿಗುರುತ್ತದೆ.

ಕೆಡುವುದು ಹೆಚ್ಚಾಗಿ ಮೂರು ಕಾರಣಕ್ಕೆ. ಸೀಳಿನೊಳಗೆ ಮಳೆನೀರು ಇಳಿದರೆ ಕೊಳೆಯುತ್ತದೆ. ಆದ್ದರಿಂದ ಮಾಡಿನ ಕೆಳಗೇ ಕಟ್ಟಬೇಕು. ಕಸಿಯ ಕೆಳಗೆ ಸಸಿಯದೇ ಚಿಗುರು ಬಂದದ್ದನ್ನು ಚಿವುಟದಿದ್ದರೆ ಅದೇ ಸಾರ ಎಳೆದುಕೊಂಡು ಅಪ್ಪೆ ಒಣಗುತ್ತದೆ. ಕಸಿ ಕೂಡಿಕೊಂಡ ಮೇಲೂ ಪಟ್ಟಿ ಬಿಚ್ಚದೆ ಬಿಟ್ಟರೆ ಕಾಂಡ ಅಲ್ಲಿಯೇ ಕತ್ತು ಹಿಸುಕಿದಂತಾಗಿ ಗಾಳಿಗೆ ಮುರಿಯುತ್ತದೆ.

ಆದರೆ ಗಿಡ ಬದುಕಿಯೂ ತಳಿ ಕಳೆದುಹೋಗುವುದುಂಟು. ಹೆಸರಿನ ಚೀಟಿ ಹೋದರೆ ಮುಗಿಯಿತು. ಮಾರ್ಕರ್ ಪೆನ್ನಿನ ಅಕ್ಷರ ಒಂದು ಮಳೆಗಾಲ ಬಾಳುವುದಿಲ್ಲ, ಮರದ ಹಲಗೆಯನ್ನು ಒರಲೆ ಬಿಡುವುದಿಲ್ಲ. ಅಲ್ಯೂಮಿನಿಯಂ ಪಟ್ಟಿಯ ಮೇಲೆ ಮೊಳೆಯಿಂದ ಒತ್ತಿ ಬರೆದು ಸಡಿಲ ತಂತಿಯಲ್ಲಿ ತೂಗುಹಾಕಬೇಕು. ಮರಕ್ಕೆ ಮೊಳೆ ಹೊಡೆಯುವುದು ಬೇಡ. ಜೊತೆಗೆ ದಪ್ಪ ರಟ್ಟಿನ ಒಂದು ದಾಖಲೆ ಪುಸ್ತಕ: ಸಾಲು, ಗಿಡದ ಸಂಖ್ಯೆ, ಅಪ್ಪೆಯ ಹೆಸರು, ಊರು, ಹೊಳೆ, ಕಡ್ಡಿ ತಂದ ದಿನ. ಪಟ್ಟಿ ಬಿದ್ದುಹೋದರೂ ಮೂಲೆಯಿಂದ ಎಣಿಸಿ ಗಿಡ ಗುರುತಿಸಬಹುದು.

ಕಡ್ಡಿ ಕೊಟ್ಟ ಮನೆಗೆ ಹತ್ತು ಕಸಿಯಲ್ಲಿ ಎರಡನ್ನಾದರೂ ವಾಪಸು ಕೊಡಬೇಕು. ಇದು ಉಪಕಾರದ ಮಾತಲ್ಲ, ಮರದ ಹಕ್ಕು ಆ ಮನೆಯದು. ಹೊಳೆಬದಿಯ ಹಳೆಯ ಮರ ಬಿದ್ದರೂ ಅಂಗಳದ ಮೂಲೆಯಲ್ಲಿ ಅದೇ ಅಪ್ಪೆ ಇರುತ್ತದೆ.

ನೆಡುವಾಗ ಗಿಡದಿಂದ ಗಿಡಕ್ಕೆ 30 ಅಡಿ, ಗುಂಡಿ ಮೂರಡಿ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಗುಂಡಿಯ ತಳ ಕಲ್ಲಾಗಿದ್ದರೆ ನೀರು ನಿಂತು ಬೇರು ಕೊಳೆಯುತ್ತದೆ. ಮಣ್ಣು ಏರಿಸಿ ದಿಬ್ಬದ ಮೇಲೆ ನೆಡಿ, ಕಸಿಗಂಟು ಮಣ್ಣಿನಿಂದ ಅರ್ಧ ಅಡಿಯಾದರೂ ಮೇಲಿರಲಿ.

ನಾಲ್ಕೈದು ವರ್ಷಕ್ಕೆ ಮಿಡಿ ಹಿಡಿದಾಗ ಕೊಯ್ಲಿನ ದಿನ ಊರವರನ್ನು ಕರೆಯಬೇಕು. ತೊಟ್ಟು ಒಂದಿಂಚು ಉಳಿಸಿ ಬುಟ್ಟಿಯಲ್ಲಿ ಇಳಿಸಿದ ಮಿಡಿ ಮಾತ್ರ ಭರಣಿಗೆ. ನೆಲಕ್ಕೆ ಬಿದ್ದ ಒಂದು ಮಿಡಿ ಇಡೀ ಭರಣಿ ಕೆಡಿಸಬಲ್ಲದು. ಹರಳುಪ್ಪಿನ ಪದರ, ಮಿಡಿಯ ಪದರ ಹಾಕಿ ಚಿರುಟುವುದನ್ನು ಕಾಯುವುದು, ಬಿದ್ದ ಮಿಡಿಯನ್ನು ಅಂದೇ ಅಪ್ಪೆಹುಳಿಗೆ ಬಳಸುವುದು, ಇವನ್ನು ವಿದ್ಯಾರ್ಥಿಗಳಿಗೆ ಕಲಿಸಬೇಕಾದವರು ಅನುಭವಿ ಅಮ್ಮಂದಿರೇ.

ತೋಟದ ಅಂಚಿಗೆ ಮುರುಗಲು, ಅಂದರೆ ಕೋಕಂ, ಚೆನ್ನ. ಅದರ ಬೀಜದ ಸಸಿಗಳಲ್ಲಿ ಸುಮಾರು ಅರ್ಧ ಗಂಡು. ಆರೇಳು ವರ್ಷ ಸಾಕಿ ಹೂ ಬಂದ ಮೇಲೆಯೇ ತಿಳಿಯುವುದು. ಹೆಣ್ಣುಮರದ ನೆಟ್ಟಗಿನ ಚಿಗುರಿನಿಂದ ಕಸಿ ಕಟ್ಟಿ, ಹತ್ತಕ್ಕೆ ಒಂದು ಗಂಡು ಬಿಟ್ಟರಾಯಿತು. ಅಡ್ಡ ಟೊಂಗೆಯ ಕಡ್ಡಿ ಕಟ್ಟಿದರೆ ಗಿಡ ಮೇಲೇಳದೆ ಪೊದೆಯಂತೆ ಹರಡುತ್ತದೆ. ನಲ್ಲಿಯ ಹತ್ತಿರದ ತಂಪಿನಲ್ಲಿ ಒಂದೆಲಗ, ದೊಡ್ಡಪತ್ರೆ ಇದ್ದರೆ ತಂಬುಳಿಗಾಯಿತು. ಕಾರವಾರದ ಉಸುಕಿನಲ್ಲಿ, ಉಪ್ಪುಗಾಳಿಯಲ್ಲಿ ಇಂಥ ತೋಟ ಮಾಡುವವರು ಸಮುದ್ರದ ಬದಿಗೆ ಮೊದಲು ಸುರಹೊನ್ನೆ ನೆಡಲಿ. ಹಿಂದೆ ದೀಪಕ್ಕೆ ಎಣ್ಣೆ ಕೊಟ್ಟ ಮರ ಅದು, ಗಾಳಿಯನ್ನೂ ತಡೆಯುತ್ತದೆ.

ನಿಮ್ಮ ಹೊಳೆದಂಡೆಯಲ್ಲಿ ಹೆಸರುಳ್ಳ ಅಪ್ಪೆಮರವಿದ್ದರೆ, ಈ ಸಲ ಮಿಡಿ ಕಟ್ಟುವಾಗ ಮರದ ಹೆಸರು, ಹೆಸರು ಬಂದ ಬಗೆ, ಮಿಡಿಯ ಆಕಾರ, ಉಪ್ಪಿನಲ್ಲಿ ಎಷ್ಟು ವರ್ಷ ಉಳಿದಿದೆ ಎಂಬುದನ್ನು ಬರೆದಿಡಿ. ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ. ನಮಸ್ಕಾರ.