ನೋಡಬಾರದು ಅಂದುಕೊಂಡೇ ನೋಡುವುದು

ಕೇಳುಗರಿಗೆ ನಮಸ್ಕಾರ.

ದಾರಿಯಲ್ಲಿ ಅಪಘಾತ ಆಗಿದ್ದರೆ ಬಸ್ಸಿನಲ್ಲಿ ಏನಾಗುತ್ತದೆ ಗೊತ್ತಲ್ಲ. ಈ ಬದಿ ಕೂತವರೆಲ್ಲ ಎದ್ದು ಆ ಬದಿಯ ಕಿಟಕಿಗೆ ಬಗ್ಗುತ್ತಾರೆ. "ಅಯ್ಯೋ, ನೋಡೋಕಾಗಲ್ಲಪ್ಪ" ಅನ್ನುತ್ತಲೇ ನೋಡುತ್ತಾರೆ. ಈ ಕೆಟ್ಟ ಕುತೂಹಲ ಇಂಟರ್‌ನೆಟ್‌ಗೆ ಹೋದಾಗ ಏನೇನಾಯಿತು ಅನ್ನುವುದೇ ಇವತ್ತಿನ ಮಾತು.

ಅದಕ್ಕೂ ಮುಂಚೆ ಒಂದು ನಿಮಿಷ ಪ್ಯಾರಿಸ್‌ಗೆ ಹೋಗಿಬರೋಣ. ಅಲ್ಲಿನ ನೋತ್ರ್ ದಾಮ್ ಚರ್ಚಿನ ಹಿಂದೆ 1864ರಿಂದ ಒಂದು ಶವಾಗಾರ ಇತ್ತು. ಸೇನ್ ನದಿಯಲ್ಲಿ ತೇಲಿಬಂದ, ಬೀದಿಯಲ್ಲಿ ಸಿಕ್ಕ ಅನಾಥ ಹೆಣಗಳನ್ನು ದೊಡ್ಡ ಗಾಜಿನ ಹಿಂದೆ ಓರೆಯಾದ ಕಲ್ಲುಹಾಸಿನ ಮೇಲೆ ಮಲಗಿಸುತ್ತಿದ್ದರು. ಉದ್ದೇಶ ಒಳ್ಳೆಯದೇ. ಯಾರಾದರೂ ಬಂದು ಗುರುತು ಹಿಡಿಯಲಿ ಅಂತ. ಟಿಕೆಟ್ ಇಲ್ಲ. ಜನ ಹೆಂಡತಿ ಮಕ್ಕಳ ಸಮೇತ ಬಂದು ಸಾಲು ನಿಂತರು. ಪ್ರವಾಸಿಗರ ಕೈಪಿಡಿಗಳಲ್ಲಿ ಅದರ ಹೆಸರು ಬಂತು. ಬಾಗಿಲಲ್ಲಿ ಕಿತ್ತಳೆ ಹಣ್ಣು ಮಾರುವವರು ಕೂತರು. ಕೊನೆಗೆ 1907ರಲ್ಲಿ ಸಾರ್ವಜನಿಕರಿಗೆ ಅದರ ಬಾಗಿಲು ಮುಚ್ಚಿದರು.

ಆ ಬಾಗಿಲು ಮತ್ತೆ ತೆರೆದದ್ದು 1996ರಲ್ಲಿ, ಅಮೆರಿಕದಲ್ಲಿ. ಥಾಮಸ್ ಡೆಲ್ ಎಂಬ ಸಾಫ್ಟ್‌ವೇರ್ ಎಂಜಿನಿಯರ್ ರಾಟನ್ ಡಾಟ್ ಕಾಮ್ ಅನ್ನುವ ವೆಬ್‌ಸೈಟ್ ಶುರು ಮಾಡಿದ. ರಾಟನ್ ಅಂದರೆ ಕೊಳೆತದ್ದು. ನೋಡಲು ಏನೂ ಅಂದಚಂದ ಇಲ್ಲ. ಬರೀ ಸಾಲು ಸಾಲು ಲಿಂಕುಗಳು. ಒತ್ತಿದರೆ ಅಪಘಾತ, ಆತ್ಮಹತ್ಯೆ, ಶವಪರೀಕ್ಷೆ, ವಿಚಿತ್ರ ರೋಗಗಳ ಫೋಟೋ.

ಆಗಿನ ಮೋಡೆಮ್ ವೇಗ ನೆನಪಿದೆಯಾ? ಚಿತ್ರ ಒಂದೇ ಸಲ ಬರುತ್ತಿರಲಿಲ್ಲ. ಮೇಲಿಂದ ಕೆಳಕ್ಕೆ, ಗೆರೆ ಗೆರೆಯಾಗಿ ಇಳಿಯುತ್ತಿತ್ತು. ಮೊದಲು ಆಕಾಶ, ಆಮೇಲೆ ಮರ, ಆಮೇಲೆ ಕಾರಿನ ಛಾವಣಿ. ಬೇಡ ಅನ್ನಿಸಿದರೆ ಅಲ್ಲೇ ನಿಲ್ಲಿಸಲು ಬೇಕಾದಷ್ಟು ಸಮಯ ಇತ್ತು. ಅದೇ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಸೈಬರ್ ಕೆಫೆಯಾಗಿ ಶುರುವಾಯಿತು. ಕೆಲವೇ ವರ್ಷದಲ್ಲಿ ಸಣ್ಣ ಊರುಗಳಲ್ಲೂ ಪ್ಲೈವುಡ್ ಗೂಡುಗಳ ಸೈಬರ್ ಸೆಂಟರ್‌ಗಳು ಬಂದವು. ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು, ಒಂದೇ ಕುರ್ಚಿಯಲ್ಲಿ ಇಬ್ಬರು ಹುಡುಗರು ಕೂತು, "ಧೈರ್ಯ ಇದ್ರೆ ನೋಡೋ" ಅನ್ನುವ ಪಂದ್ಯ ನಮ್ಮಲ್ಲೂ ನಡೆಯಿತು.

ಡೆಲ್ ಸುಮ್ನೆ ಚೇಷ್ಟೆಗೆ ಇದನ್ನು ಮಾಡಿದ್ದಲ್ಲ. ಅದೇ ವರ್ಷ ಅಮೆರಿಕ ಸರ್ಕಾರ ಇಂಟರ್‌ನೆಟ್‌ನಲ್ಲಿ ಅಸಭ್ಯ ಅನ್ನಿಸುವುದಕ್ಕೆ ಕಡಿವಾಣ ಹಾಕಲು ಕಾನೂನು ತಂದಿತ್ತು. 1997ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದರ ಮುಖ್ಯ ಭಾಗವನ್ನೇ ಹೊಡೆದುಹಾಕಿತು. ಈ ಸೈಟನ್ನು ಮುಚ್ಚಿಸಬೇಕಾದರೆ ವೈದ್ಯಕೀಯ ಪುಸ್ತಕ, ಇತಿಹಾಸದ ಪುಸ್ತಕ, ಕೋರ್ಟು, ಗ್ರಂಥಾಲಯ ಎಲ್ಲವನ್ನೂ ಮುಚ್ಚಿಸಬೇಕಾಗುತ್ತದೆ ಅನ್ನುವುದು ರಾಟನ್‌ನವರ ವಾದ. ವಾದದಲ್ಲಿ ಹುರುಳಿದೆ. ಆದರೆ ವೈದ್ಯಕೀಯ ಪುಸ್ತಕದಲ್ಲಿ ಹೆಣದ ಚಿತ್ರದ ಕೆಳಗೆ ಜೋಕು ಬರೆದಿರುವುದಿಲ್ಲ. ಇವರು ಬರೆಯುತ್ತಿದ್ದರು.

ಆ ಸೈಟಿನ ಹೆಸರು ಜಗತ್ತಿಗೆಲ್ಲ ಗೊತ್ತಾಗಿದ್ದು 1997ರ ಸೆಪ್ಟೆಂಬರ್‌ನಲ್ಲಿ. ಬ್ರಿಟನ್ನಿನ ರಾಜಕುಮಾರಿ ಡಯಾನಾ ಕಾರು ಅಪಘಾತದಲ್ಲಿ ತೀರಿಹೋದ ಕೆಲವೇ ದಿನಕ್ಕೆ ಅವರ ಶವದ್ದು ಅನ್ನಲಾದ ಒಂದು ಫೋಟೋ ಅಲ್ಲಿ ಬಂತು. ದೊಡ್ಡ ಗದ್ದಲವಾಯಿತು. ಫೋಟೋ ನಕಲಿ. ಫೋಟೋಗ್ರಾಫರ್‌ಗಳು ಅವರ ಕಾರನ್ನು ಬೆನ್ನಟ್ಟಿದ್ದರು ಅಂತ ಜನ ಬೈಯುತ್ತಿದ್ದ ಅದೇ ವಾರಗಳಲ್ಲಿ, ಆ ಹೆಂಗಸಿನ ಹೆಣ ನೋಡಲು ಅದೇ ಜನ ಮುಗಿಬಿದ್ದಿದ್ದರು!

ಆಮೇಲೆ ಬಂದದ್ದು ಮೋಸದ ಲಿಂಕುಗಳ ಕಾಲ. ಹೇಳುವುದು ಒಂದು, ತೆರೆಯುವುದು ಹೊಟ್ಟೆ ತೊಳಸುವ ಇನ್ನೊಂದು. 2007ರಲ್ಲಿ ಅಂಥ ಒಂದು ಕೊಳಕು ವಿಡಿಯೋ ಹಬ್ಬಿತು. ಜನ ಅದನ್ನು ಅಪ್ಪ ಅಮ್ಮಂದಿರಿಗೆ, ಅಜ್ಜಿಯರಿಗೆ ತೋರಿಸಿ, ಅವರ ಮುಖವನ್ನು ಚಿತ್ರೀಕರಿಸಿ ಯೂಟ್ಯೂಬ್‌ಗೆ ಹಾಕತೊಡಗಿದರು. ಮೂಲ ವಿಡಿಯೋ ಕಾಣುವುದೇ ಇಲ್ಲ, ನೋಡುವವರ ಮುಖ ಮಾತ್ರ. ಇವತ್ತು ಸಿನಿಮಾ ಟ್ರೇಲರ್‌ಗೆಲ್ಲ ರಿಯಾಕ್ಷನ್ ವಿಡಿಯೋ ಮಾಡುತ್ತಾರಲ್ಲ, ಆ ರೂಢಿ ಬೆಳೆದದ್ದರಲ್ಲಿ ಈ ಕೊಳಕಿನ ಪಾಲೂ ಇದೆ.

ಇಲ್ಲಿವರೆಗೆ ಹೇಗೋ ನಕ್ಕು ಬಿಡಬಹುದು. ಇನ್ನೊಂದು ಕಡೆ ನಡೆದದ್ದು ನಗುವಂಥದ್ದಲ್ಲ. ಮೊದಮೊದಲು ಇಂಥ ಸೈಟುಗಳಿಗೆ ಸಿಗುತ್ತಿದ್ದದ್ದು ಪೊಲೀಸ್ ಫೈಲಿನಿಂದಲೋ ಆಸ್ಪತ್ರೆಯಿಂದಲೋ ಜಾರಿದ ಫೋಟೋ. 2002ರ ಹೊತ್ತಿಗೆ ಉಗ್ರರು ಕ್ಯಾಮೆರಾ ಎದುರಿಗೇ ಕೊಲ್ಲತೊಡಗಿದರು. ಯಾರೂ ನೋಡದಿದ್ದರೆ ಆ ಕೊಲೆಗೆ ಅರ್ಥವೇ ಇಲ್ಲ. ಹಾಗಾಗಿ ನೋಡುವವನೂ ಅದರಲ್ಲಿ ಪಾಲುದಾರನಾದ. ಓಗ್ರಿಷ್ ಅನ್ನುವ ಸೈಟು ಅವನ್ನೆಲ್ಲ ತೋರಿಸುತ್ತಿತ್ತು. ಅದೇ ತಂಡ 2006ರಲ್ಲಿ ಲೈವ್‌ಲೀಕ್ ಶುರು ಮಾಡಿತು. ಸದ್ದಾಂ ಹುಸೇನ್‌ನನ್ನು ಗಲ್ಲಿಗೇರಿಸಿದ ಮೊಬೈಲ್ ವಿಡಿಯೋ ಅಲ್ಲಿ ಓಡಿತು. 2014ರಲ್ಲಿ ಐಸಿಸ್ ಉಗ್ರರು ಅಮೆರಿಕದ ಪತ್ರಕರ್ತನೊಬ್ಬನನ್ನು ಕೊಂದಾಗ ಮಾತ್ರ ಲೈವ್‌ಲೀಕ್‌ನವರೇ, ಇನ್ನು ಮುಂದೆ ಐಸಿಸ್‌ನವರು ತಲೆ ಕಡಿಯುವ ವಿಡಿಯೋ ಹಾಕುವುದಿಲ್ಲ ಅಂದರು. 2021ರಲ್ಲಿ ಅದೂ ಬಾಗಿಲು ಹಾಕಿತು.

ಹಾಗಾದರೆ ಪೀಡೆ ತೊಲಗಿತಾ? ಇಲ್ಲ. ಹುಡುಕಿಕೊಂಡು ಹೋಗುವ ಅಗತ್ಯ ತಪ್ಪಿತು, ಅಷ್ಟೇ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಒಬ್ಬ ಮಸೀದಿಗೆ ನುಗ್ಗಿ ಗುಂಡು ಹಾರಿಸುತ್ತ ಫೇಸ್‌ಬುಕ್‌ನಲ್ಲಿ ನೇರ ಪ್ರಸಾರ ಮಾಡಿದ. ಅಂದು ಎರಡು ಮಸೀದಿಗಳಲ್ಲಿ ಅವನ ಗುಂಡಿಗೆ ಸತ್ತವರು 51 ಜನ. ಫೇಸ್‌ಬುಕ್ ಹೇಳಿದ ಪ್ರಕಾರ ನೇರವಾಗಿ ನೋಡಿದವರು 200ಕ್ಕಿಂತ ಕಡಿಮೆ. ಆದರೆ ಮೊದಲ 24 ಗಂಟೆಯಲ್ಲಿ ಆ ವಿಡಿಯೋದ 15 ಲಕ್ಷ ಪ್ರತಿಗಳನ್ನು ಅಳಿಸಬೇಕಾಯಿತು. ಯಾವ ಕೆಟ್ಟ ಸೈಟಿಗೂ ಹೋಗದವರು, ಗೆಳೆಯರ ಮದುವೆ ಫೋಟೋ ನೋಡಲು ಫೋನ್ ತೆರೆದವರು ಕೂಡ ಅದನ್ನು ಕಂಡರು.

ನನಗೆ ದೊಡ್ಡ ಬದಲಾವಣೆ ಅನ್ನಿಸುವುದು ಇದೇ. ಕುತೂಹಲ ಹೊಸದಲ್ಲ, ಅದರ ಮೇಲೆ ನನಗೆ ಸಿಟ್ಟೂ ಇಲ್ಲ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಸುಜಾನ್ ಓಸ್ಟರ್‌ವೈಕ್ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎರಡು ಚಿತ್ರಗಳಲ್ಲಿ ಯಾವುದನ್ನು ಸರಿಯಾಗಿ ನೋಡುತ್ತೀರಿ ಅಂತ ಆಯ್ಕೆ ಕೊಟ್ಟರೆ, ಜನ ಎಷ್ಟೋ ಸಲ ಸಾವು ನೋವಿನ ಚಿತ್ರವನ್ನೇ ಆರಿಸುತ್ತಾರೆ ಅಂತ ಅದರಲ್ಲಿ ಕಂಡುಬಂತು. ಆದರೆ ಅಲ್ಲಿ ಆರಿಸುವವರು ನಾವು. ಸೈಬರ್ ಸೆಂಟರ್‌ನಲ್ಲೂ ನಾವೇ. ಈಗ ಫೇಸ್‌ಬುಕ್‌ನಂಥ ಕಂಪನಿಯ ಲೆಕ್ಕಾಚಾರ ನಮ್ಮ ಪರವಾಗಿ ಆರಿಸುತ್ತದೆ. ಬೇಡ ಅನ್ನುವಷ್ಟರಲ್ಲಿ ವಿಡಿಯೋ ತಾನೇ ಓಡಿಬಿಟ್ಟಿರುತ್ತದೆ. ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಟದಲ್ಲಿ ಆದ ಬಾಂಬ್ ಸ್ಫೋಟದ ನಂತರ ನಡೆದ ಅಧ್ಯಯನವೊಂದರಲ್ಲಿ, ಆ ವಾರ ದಿನಕ್ಕೆ ಆರು ಗಂಟೆಗೂ ಜಾಸ್ತಿ ಆ ಸುದ್ದಿಯನ್ನೇ ನೋಡಿದವರು ಸ್ಥಳದಲ್ಲೇ ಇದ್ದವರಿಗಿಂತ ಹೆಚ್ಚು ಒತ್ತಡ ಅನುಭವಿಸಿದ್ದು ಕಂಡಿತ್ತು.

ಸತ್ತವರ ಮನೆಯವರ ಕಡೆಯಿಂದಲೂ ಸ್ವಲ್ಪ ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಕಾರು ಅಪಘಾತದಲ್ಲಿ ಸತ್ತ ಹುಡುಗಿಯೊಬ್ಬಳ ಫೋಟೋಗಳನ್ನು ಹೆದ್ದಾರಿ ಪೊಲೀಸ್ ಇಲಾಖೆಯವರೇ ಗೆಳೆಯರಿಗೆ ಇಮೇಲ್ ಮಾಡಿದ್ದರು. ಅವು ಸಾವಿರಾರು ಕಡೆ ಹರಡಿದವು. ಯಾರೋ ಪುಣ್ಯಾತ್ಮರು ಅವಳ ಅಪ್ಪನಿಗೇ ಕಳಿಸಿದರು. ಮನೆಯವರಿಗೆ ಇಲಾಖೆಯ ಮೇಲೆ ದಾವೆ ಹೂಡುವ ಹಕ್ಕಿದೆ ಅಂತ ಅಲ್ಲಿನ ಮೇಲ್ಮನವಿ ಕೋರ್ಟು ಹೇಳಿದ್ದು 2010ರಲ್ಲಿ. ನಮ್ಮಲ್ಲೂ 2017ರಲ್ಲಿ ಕೊಪ್ಪಳದಲ್ಲಿ ಬಸ್ಸಿನಡಿ ಸಿಕ್ಕ ಸೈಕಲ್ ಸವಾರ ಹುಡುಗ ನೆರವು ಕೇಳುತ್ತಿದ್ದಾಗ ಸುತ್ತ ನಿಂತವರು ಮೊಬೈಲ್ ಹಿಡಿದಿದ್ದರು. ಛೇ, ಎಂಥ ಜನ ಅಂತ ಬೈಯುತ್ತಲೇ ಅದೇ ವಿಡಿಯೋವನ್ನು ಎಷ್ಟೋ ಜನ ಮುಂದಕ್ಕೆ ಕಳಿಸಿದರು.

ಇನ್ನು, ಇದನ್ನೆಲ್ಲ ಅಳಿಸುವವರೂ ಮನುಷ್ಯರೇ. ದಿನವಿಡೀ ಇಂಥದ್ದನ್ನೇ ನೋಡಿ ಮನಸ್ಸು ಕೆಟ್ಟ ಅಮೆರಿಕದ ಕೆಲಸಗಾರರಿಗೆ 2020ರಲ್ಲಿ ಫೇಸ್‌ಬುಕ್ 5 ಕೋಟಿ 20 ಲಕ್ಷ ಡಾಲರ್ ಪರಿಹಾರ ಕೊಡಲು ಒಪ್ಪಿತು. ಅದೇ ಕೆಲಸ ಹೈದರಾಬಾದ್, ಬೆಂಗಳೂರುಗಳಲ್ಲೂ ನಡೆಯುತ್ತದೆ.

ಕೊನೆಗೊಂದು ಉಪಯೋಗದ ಮಾತು. ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ ಅಂತ ಇದೆ. ಅದರೊಳಗೆ ಮೀಡಿಯಾ ಆಟೋ ಡೌನ್‌ಲೋಡ್ ಇದೆ. ಮೊಬೈಲ್ ಡೇಟಾ, ವೈಫೈ ಎರಡರಲ್ಲೂ ಫೋಟೋ, ವಿಡಿಯೋದ ಟಿಕ್ ತೆಗೆದುಬಿಡಿ. ಆಗ ಬಂದದ್ದು ಮಸುಕಾಗಿ ಕಾಣುತ್ತದೆ, ನೀವು ಒತ್ತಿದರೆ ಮಾತ್ರ ತೆರೆಯುತ್ತದೆ. ಫೇಸ್‌ಬುಕ್‌ನಲ್ಲಿ ಆಟೋಪ್ಲೇ ನಿಲ್ಲಿಸುವ ಆಯ್ಕೆ ಇದೆ. ನಿಮ್ಮ ಫೋನಿನಲ್ಲಿ ಮಾಡಿದ ಮೇಲೆ ಮನೆಯ ಹಿರಿಯರ ಫೋನಿನಲ್ಲೂ ಮಾಡಿಕೊಡಿ, ಅವರಿಗೆ ಈ ಸೆಟ್ಟಿಂಗ್ ಹುಡುಕುವುದು ಕಷ್ಟ. ನಮಸ್ಕಾರ.