ಪಿಕೆಟಿಬಿಯ ಆ ‘ಕೆ’

ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲಿದ್ದೇನೆ. ಹಿಂದೆ ಕಾಣುತ್ತಿರುವುದು ಪಿಕೆಟಿಬಿ ಆಸ್ಪತ್ರೆ. ಅಷ್ಟು ಹೇಳಿದರೆ ಸಾಕು, ಆಟೋದವರು ಇಲ್ಲಿಗೆ ತಂದು ಬಿಡುತ್ತಾರೆ. ಪೂರ್ತಿ ಹೆಸರು ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಟಿಬಿ ಸ್ಯಾನಟೋರಿಯಂ. ನಾಲ್ವಡಿ ಕೃಷ್ಣರಾಜ ಒಡೆಯರ ಒಡಹುಟ್ಟಿದವರು ಇವರು. ಕ್ಷಯದಿಂದ ತೀರಿಕೊಂಡರು. ನಾಲ್ವಡಿಯವರು ಅವರ ಹೆಸರಲ್ಲೇ ಈ ಆಸ್ಪತ್ರೆ ಕಟ್ಟಿಸಿದರು. ಆ ನೋವು ಇವತ್ತು ಒಂದು ‘ಕೆ’ಯೊಳಗೆ ಉಳಿದಿದೆ.

ಹೆಸರಿನ ಕೊನೆಯ ಭಾಗ ನೋಡಿ: ಅಮ್ಮಣ್ಣಿ. ಶ್ರೀರಂಗಪಟ್ಟಣದಲ್ಲಿ ನಮ್ಮಜ್ಜಿ ನನ್ನನ್ನು ‘ಬಾರೇ ಅಮ್ಮಣ್ಣಿ’ ಎಂದೇ ಕರೆಯುತ್ತಿದ್ದರು. ಸುಮ್ನೆ ಮುದ್ದಿಗೆ ಅಂದುಕೊಂಡಿದ್ದೆ. ಅರಮನೆಯಲ್ಲಿ, ಅರಸು ಮನೆತನಗಳಲ್ಲಿ ಅದೇ ಮಾತು ಗೌರವದ ಬಿರುದು. ಗಂಡಸರಿಗೆ ‘ಅರಸು’ ಇದ್ದಂತೆ ಹೆಂಗಸರಿಗೆ ‘ಅಮ್ಮಣ್ಣಿ’. ಮೊದಲಲ್ಲೇ ‘ಅಮ್ಮ’ ಇದೆ, ಅಲ್ವಾ? ರಾಜಮನೆತನದ ಹೆಣ್ಣನ್ನು ನಮ್ಮವರು ಅಮ್ಮ ಎಂದೇ ಕರೆದರು. ನನಗೆ ತುಂಬಾ ಇಷ್ಟವಾದದ್ದು ಇದೇ. 1900ರಲ್ಲಿ ನಾಲ್ವಡಿಯವರ ಕೈಹಿಡಿದ ಪ್ರತಾಪಕುಮಾರಿಯವರು ದೂರದ ಕಾಠಿಯಾವಾಡದವರು. ಅವರೂ ಇಲ್ಲಿಗೆ ಬಂದು ಪ್ರತಾಪಕುಮಾರಿ ಅಮ್ಮಣ್ಣಿ ಆದರು.

ರಾಣಿಯರಿಗೆ ಇದರ ಮೇಲೆ ಇನ್ನೊಂದು ಬಿರುದು ‘ಸನ್ನಿಧಾನ’. ಅಂದರೆ ಹತ್ತಿರ ಇರುವುದು, ಎದುರಿಗೆ ಇರುವುದು. ದೇವರ ಸನ್ನಿಧಾನ ಎನ್ನುತ್ತೇವಲ್ಲ, ಅದೇ ಮಾತು. ದೊಡ್ಡವರ ಹೆಸರು ನೇರವಾಗಿ ಹೇಳಲು ನಮ್ಮ ಕಡೆ ಇವತ್ತಿಗೂ ಹಿಂಜರಿಯುತ್ತಾರೆ. ವಿಲಾಸ ಅಂದರೆ ಅರಮನೆಯಲ್ಲಿ ರಾಣಿಯರು ಇರುತ್ತಿದ್ದ ಭಾಗ. ಹೆಸರಿನ ಬದಲು ಇಂಥಾ ‘ವಿಲಾಸದ ಸನ್ನಿಧಾನ’ ಎಂದರೆ ಗೌರವವೂ ಆಯಿತು, ಯಾರೆಂದು ಗೊತ್ತೂ ಆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಲಕ್ಷ್ಮೀವಿಲಾಸ ಸನ್ನಿಧಾನ. ನಾಲ್ವಡಿಯವರ ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ.

ಈ ತಾಯಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. 1894ರ ಡಿಸೆಂಬರ್‌ನಲ್ಲಿ ಗಂಡ ಚಾಮರಾಜೇಂದ್ರ ಒಡೆಯರು ಕಲ್ಕತ್ತಾದಲ್ಲಿ ತೀರಿಕೊಂಡರು. ಮಗನಿಗೆ ಹತ್ತು ವರ್ಷ. 1902ರಲ್ಲಿ ಮಗನ ಕೈಗೆ ಅಧಿಕಾರ ಬರುವವರೆಗೂ ಇವರೇ ರಾಜ್ಯ ನೋಡಿಕೊಂಡರು. ಹಿರಿಯೂರಿನ ಹತ್ತಿರ ಮಾರಿಕಣಿವೆ ಅಣೆಕಟ್ಟು ಶುರುವಾದದ್ದು, ಶಿವನಸಮುದ್ರದ ವಿದ್ಯುತ್ ಕೆಜಿಎಫ್ ಗಣಿಗೆ ಹರಿದದ್ದು ಇವರ ಕಾಲದಲ್ಲಿ. ಆ ಅಣೆಕಟ್ಟಿಗೆ ಇವರ ಬಿರುದನ್ನೇ ಇಟ್ಟರು. ಜನ ಅದನ್ನು ವಿವಿ ಸಾಗರ ಎನ್ನುತ್ತಾರೆ.

ಇಲ್ಲಿಂದ ಊರೊಳಗೆ ಹೋದರೆ ನಮ್ಮ ವಿವಿ ಮೊಹಲ್ಲಾ. ಆ ಎರಡು ‘ವಿ’ಗಳೂ ವಾಣಿವಿಲಾಸವೇ. ನನ್ನ ಮುಂದಿನ ಶೂಟಿಂಗ್ ಅಲ್ಲೇ. ಇಗೋ, ಆಟೋ ಬಂತು. “ಅಣ್ಣಾ, ವಾಣಿವಿಲಾಸ ಮೊಹಲ್ಲಾಗೆ ಬರ್ತೀರಾ?”