ಡಬ್ಬದ ಮೇಲಿನ ಹಸಿರು ಏಡಿಗಲ್ಲ

ನಮಸ್ಕಾರ. ಇವತ್ತು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ನಮ್ಮ ಕೊಡಗಿನ ಕೈಲ್ ಮುಹೂರ್ತ ಹಬ್ಬ ಮುಗಿದು ಒಂದು ವಾರ ಆಗಿತ್ತು. ನಾಪೋಕ್ಲು ಕಡೆ ನಮ್ಮ ದೊಡ್ಡಪ್ಪನ ಗದ್ದೆ ಇದೆ. ಪೈರಿಗೆ ಎಲೆ ಸುರುಳಿ ಹುಳ ಬಿದ್ದಿತ್ತು. ಮದ್ದು ಹೊಡೆಯಲು ಬಂದವರು ಕೆಲಸ ಮುಗಿಸಿ, ಪಂಪು, ಬಕೆಟ್ ಎಲ್ಲ ತೊಳೆಯಲು ತೋಡಿಗೆ, ಅಂದರೆ ಪಕ್ಕದ ಸಣ್ಣ ಹಳ್ಳಕ್ಕೆ, ಇಳಿದರು. ದೊಡ್ಡಪ್ಪ ಗದ್ದೆ ಬದುವಿನಿಂದಲೇ ಕೂಗಿದರು, "ಅಲ್ಲಿ ಬೇಡಪ್ಪಾ, ಮೇಲೆ ಬಂದು ತೊಳೀರಿ." ಡಬ್ಬ ನನ್ನ ಕೈಯಲ್ಲಿತ್ತು. ತಿರುಗಿಸಿ ನೋಡಿದೆ. "ಇರಲಿ ದೊಡ್ಡಪ್ಪ, ಇದು ಹಸಿರು ಗುರುತಿನದ್ದು. ಏನೂ ಆಗಲ್ಲ" ಅಂದೆ. ಬೆಂಗಳೂರಲ್ಲಿ ಓದಿ ಬಂದವನು ಹೇಳಿದ ಮೇಲೆ ಮುಗೀತಲ್ವಾ? ಅವರು ಸುಮ್ಮನಾದರು.

ಮಾರನೇ ದಿನ ಬೆಳಿಗ್ಗೆ ಅದೇ ತೋಡಿನ ತಿರುವಿನಲ್ಲಿ, ನೀರು ಸ್ವಲ್ಪ ನಿಲ್ಲುವ ಕಡೆ, ಸಣ್ಣ ಸೀಗಡಿಗಳು ಮಗ್ಗುಲಾಗಿ ಬಿದ್ದಿದ್ದವು. ಕಿರುಬೆರಳಿನ ಉಗುರಿಗಿಂತ ತುಸು ಉದ್ದ ಇರಬಹುದು. ಬದುಕಿದ್ದಾಗ ಇವು ಗಾಜಿನ ಹಾಗೆ, ಹುಡುಕಿದರೂ ಕಾಣುವುದಿಲ್ಲ. ಸತ್ತ ಮೇಲೆ ಬೇಯಿಸಿದ ಅಕ್ಕಿ ಕಾಳಿನ ಹಾಗೆ ಬೆಳ್ಳಗಾಗಿ ಕಣ್ಣಿಗೆ ಬಿದ್ದವು. ಅವುಗಳ ನಡುವೆಯೇ ಮೀನುಮರಿಗಳು ಆರಾಮಾಗಿ ಓಡಾಡುತ್ತಿದ್ದವು. ದೊಡ್ಡಪ್ಪ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ನಾಲ್ಕು ಮಾತು ಬೈದಿದ್ದರೆ ವಾಸಿ ಇತ್ತು.

ಆಮೇಲೆ ಕೂತು ಓದಿದೆ. ಡಬ್ಬದ ಮೇಲೆ ಒಂದು ವಜ್ರದಾಕಾರದ ಗುರುತು ಇರುತ್ತದೆ ನೋಡಿ, ಕೆಳಗಿನ ಅರ್ಧಕ್ಕೆ ಬಣ್ಣ ಬಳಿದಿರುತ್ತಾರೆ. ಕೆಂಪು, ಹಳದಿ, ನೀಲಿ, ಹಸಿರು. ಇದು 1971ರ ಕೀಟನಾಶಕ ನಿಯಮಗಳಿಂದ ಬಂದದ್ದು. ನಾವೆಲ್ಲ ಅದನ್ನು ಟ್ರಾಫಿಕ್ ಲೈಟ್ ತರಹ ಓದುತ್ತೇವೆ. ಹಸಿರು ಅಂದರೆ ಹೋಗು. ಆದರೆ ಆ ಬಣ್ಣ ಹೇಳುವುದು ಬೇರೆ. ಮದ್ದನ್ನು ಇಲಿಯಂಥ ಪ್ರಾಣಿಗಳಿಗೆ ಕೊಟ್ಟು ನೋಡುತ್ತಾರೆ. ಅರ್ಧದಷ್ಟು ಪ್ರಾಣಿಗಳು ಸಾಯಲು, ದೇಹದ ಒಂದು ಕಿಲೋ ತೂಕಕ್ಕೆ ಎಷ್ಟು ಮಿಲಿಗ್ರಾಂ ಹೊಟ್ಟೆಗೆ ಹೋಗಬೇಕು ಅನ್ನುವುದೇ ಮುಖ್ಯ ಲೆಕ್ಕ. 50ರ ಒಳಗಾದರೆ ಕೆಂಪು. 500ರವರೆಗೆ ಹಳದಿ, 5000ದವರೆಗೆ ನೀಲಿ. ಅದಕ್ಕೂ ಮೇಲೆ ಹೋದರೆ ಹಸಿರು. ಅಷ್ಟೇ. ಪಂಪು ಬೆನ್ನಿಗೆ ಹಾಕಿಕೊಂಡ ಮನುಷ್ಯನಿಗೆ ಆ ಬಣ್ಣ. ತೋಡಿಗೂ ಅದಕ್ಕೂ ಸಂಬಂಧವೇ ಇಲ್ಲ.

ಹಾಗಾದರೆ ತೋಡಿನ ಲೆಕ್ಕ ಯಾರೂ ಇಟ್ಟಿಲ್ವಾ? ಇಟ್ಟಿದ್ದಾರೆ. ಬಹಳ ಚೆನ್ನಾಗಿ ಇಟ್ಟಿದ್ದಾರೆ. ನನಗೆ ಹೊಟ್ಟೆ ಉರಿಯುವುದೇ ಅದಕ್ಕೆ.

ಡಾಫ್ನಿಯಾ ಅಂತ ಒಂದು ಜೀವಿ ಇದೆ. ನೀರುಚಿಗಟ ಅಂತಲೂ ಕರೆಯುತ್ತಾರೆ, ಚಿಗಟದ ಹಾಗೆ ಕುಪ್ಪಳಿಸುತ್ತದೆ ಅಂತ. ಆದರೆ ಅದು ಚಿಗಟ ಅಲ್ಲ, ಏಡಿ, ಸೀಗಡಿಗಳ ಜಾತಿಯದ್ದು. ಪ್ರಯೋಗಾಲಯದವರು ಸಾಕುವ ಡಾಫ್ನಿಯಾ ಮ್ಯಾಗ್ನಾ ದೊಡ್ಡದಾದರೆ 5 ಮಿಲಿಮೀಟರ್ ಆಗುತ್ತದೆ. ಮೈಯೆಲ್ಲ ಪಾರದರ್ಶಕ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಎದೆ ಬಡಿಯುವುದು ಕಾಣುತ್ತದೆ, ತಿಂದ ಪಾಚಿ ಹಸಿರಾಗಿ ಕರುಳಲ್ಲಿ ಇಳಿಯುವುದೂ ಕಾಣುತ್ತದೆ. ಊಟ, ನೀರು ಸರಿ ಇದ್ದರೆ ಹೆಣ್ಣುಗಳು ಗಂಡಿನ ಹಂಗಿಲ್ಲದೆ ಹೆಣ್ಣುಮರಿಗಳನ್ನೇ ಹಾಕುತ್ತವೆ. ಎಲ್ಲವೂ ತಾಯಿಯ ಪಡಿಯಚ್ಚು. ಪರೀಕ್ಷೆಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಪರೀಕ್ಷೆಯ ಕ್ರಮ ಕೇಳಿ. ಒಇಸಿಡಿ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ ಇದಕ್ಕೆ 202ನೇ ನಂಬರಿನ ಮಾರ್ಗಸೂಚಿ ಬರೆದಿಟ್ಟಿದೆ, 2004ರಲ್ಲಿ ತಿದ್ದಿದ್ದು. ಹುಟ್ಟಿ ಒಂದು ದಿನವೂ ಆಗದ ಮರಿಗಳನ್ನು ತೆಗೆದುಕೊಳ್ಳುತ್ತಾರೆ. ಮದ್ದನ್ನು ನೀರಲ್ಲಿ ಕನಿಷ್ಠ ಐದು ಹದದಲ್ಲಿ ಕಲಸುತ್ತಾರೆ, ತೆಳುವಿನಿಂದ ಗಟ್ಟಿಗೆ. ಒಂದೊಂದು ಹದಕ್ಕೆ 20 ಮರಿ, ಸಾಮಾನ್ಯವಾಗಿ ಐದೈದರಂತೆ ನಾಲ್ಕು ಗಾಜಿನ ಲೋಟಗಳಲ್ಲಿ. ಮದ್ದೇ ಇಲ್ಲದ ನೀರಲ್ಲೂ 20. ಅಲ್ಲಿಗೆ 120 ಮರಿ ಆಯಿತು. ಊಟ ಕೊಡುವುದಿಲ್ಲ. 24 ಗಂಟೆಗೆ ಒಮ್ಮೆ, 48 ಗಂಟೆಗೆ ಒಮ್ಮೆ ಎಣಿಸುತ್ತಾರೆ.

ಎಣಿಸುವ ರೀತಿ ನನಗೆ ತುಂಬಾ ಹಿಡಿಸಿತು. ಲೋಟವನ್ನು ಮೆಲ್ಲಗೆ ಅಲ್ಲಾಡಿಸಬೇಕು. ಆಮೇಲೆ 15 ಸೆಕೆಂಡ್ ಕಾಯಬೇಕು. ಅಷ್ಟರಲ್ಲಿ ಈಜದಿದ್ದರೆ ಅದು ಬಿದ್ದ ಲೆಕ್ಕ. ತಳದಲ್ಲಿ ಕೂತು ಮೀಸೆ ಅಲ್ಲಾಡಿಸುತ್ತಿದ್ದರೂ ಬಿದ್ದ ಲೆಕ್ಕವೇ. ಸತ್ತಿದೆಯೋ ಇಲ್ಲವೋ ಅಂತ ಅವರು ಕೇಳುವುದಿಲ್ಲ. ಅಕ್ಕಿಕಾಳಿನಷ್ಟೂ ಇಲ್ಲದ ಜೀವ ಸತ್ತಿದೆಯಾ ಅಂತ ಯಾವ ಡಾಕ್ಟರು ಹೇಳುತ್ತಾರೆ? ಈಜಲಾರದ್ದು ಕೆರೆಯಲ್ಲಿ ಹೇಗೂ ಬಾಳುವುದಿಲ್ಲ. ಅರ್ಧದಷ್ಟು ಮರಿಗಳು ಹೀಗೆ ಬೀಳುವ ಹದ ಯಾವುದೋ, ಅದೇ ಆ ಮದ್ದಿನ ಸಂಖ್ಯೆ. ಇನ್ನೂ ಒಂದು ಕಟ್ಟುಪಾಡು ಇದೆ. ಮದ್ದಿಲ್ಲದ ಲೋಟಗಳ 20ರಲ್ಲಿ ಎರಡಕ್ಕಿಂತ ಜಾಸ್ತಿ ಬಿದ್ದರೆ ಪರೀಕ್ಷೆಯನ್ನೇ ಎಸೆದು ಮತ್ತೆ ಮೊದಲಿಂದ ಶುರು ಮಾಡಬೇಕು. ಇಷ್ಟು ನೇರವಾದ ಪರೀಕ್ಷೆಗಳು ಕಡಿಮೆ. ಅವತ್ತಿನ ತೋಡಿನ ಸೀಗಡಿ ನೆನಪಾಗಿ ಸ್ವಲ್ಪ ಸಂಕಟವೂ ಆಯಿತು ಅನ್ನಿ.

ಈಗ ನನ್ನ ಡಬ್ಬಕ್ಕೆ ಬರೋಣ. ಅದರೊಳಗಿದ್ದದ್ದು ಕ್ಲೋರಂಟ್ರಾನಿಲಿಪ್ರೋಲ್. ಹೆಸರು ಹೇಳಲು ನಾನೇ ನಾಲ್ಕು ಸಲ ಅಭ್ಯಾಸ ಮಾಡಿದ್ದೇನೆ. ಇಲಿಗೆ ಕಿಲೋಗೆ 5000 ಮಿಲಿಗ್ರಾಂ ಕೊಟ್ಟರೂ ಸಾಯುವುದಿಲ್ಲ, ಅದಕ್ಕೇ ಹಸಿರು. ಡಾಫ್ನಿಯಾ ಪರೀಕ್ಷೆಯಲ್ಲಿ? ಲೀಟರಿಗೆ ಸುಮಾರು 12 ಮೈಕ್ರೋಗ್ರಾಂ ಸಾಕು, 48 ಗಂಟೆಯಲ್ಲಿ ಅರ್ಧ ಮರಿಗಳು ಬೀಳುತ್ತವೆ. ಮೈಕ್ರೋಗ್ರಾಂ ಅಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು.

ಇದನ್ನು ನಮ್ಮ ಲೆಕ್ಕಕ್ಕೆ ಇಳಿಸೋಣ. ನಾವು ತಂದ ದ್ರಾವಣದಲ್ಲಿ ಒಂದು ಟೀ ಚಮಚಕ್ಕೆ ಸುಮಾರು ಒಂದು ಗ್ರಾಂ ಮದ್ದು ಇರುತ್ತದೆ. ಡಬ್ಬದ ತಳದಲ್ಲಿ, ಮುಚ್ಚಳದ ಸಂದಿಯಲ್ಲಿ, ಬಕೆಟ್ಟಿನ ಅಂಚಲ್ಲಿ ಸೇರಿ ಒಂದು ಚಮಚ ಉಳಿಯಿತು ಅಂತಿಟ್ಟುಕೊಳ್ಳಿ. ಅಷ್ಟು ಮದ್ದು 80 ಸಾವಿರ ಲೀಟರ್ ನೀರನ್ನು ಆ ಹದಕ್ಕೆ ತರುತ್ತದೆ. ಹತ್ತು ಸಾವಿರ ಲೀಟರಿನ ಎಂಟು ಟ್ಯಾಂಕರ್. ಗದ್ದೆಗೆ ಹೊಡೆದ ಮದ್ದು ಬಹುಪಾಲು ಎಲೆಗೆ, ಮಣ್ಣಿಗೆ ಅಂಟಿಕೊಳ್ಳುತ್ತದೆ. ತೋಡಲ್ಲಿ ತೊಳೆದ ಬಕೆಟ್ಟಿನದ್ದು ನೇರವಾಗಿ ನೀರಿಗೇ.

ಮೀನು ಯಾಕೆ ಸಾಯಲಿಲ್ಲ? ಈ ಮದ್ದು ಹುಳದ ಸ್ನಾಯುವಿನೊಳಗಿನ ಕ್ಯಾಲ್ಸಿಯಂ ಬಾಗಿಲನ್ನು ತೆರೆದೇ ಬಿಡುತ್ತದೆ. ಕ್ಯಾಲ್ಸಿಯಂ ಸೋರಿ ಹೋಗಿ ಸ್ನಾಯು ಹಿಡಿತ ಕಳೆದುಕೊಳ್ಳುತ್ತದೆ. ನಮ್ಮಲ್ಲೂ ಮೀನಿನಲ್ಲೂ ಆ ಬಾಗಿಲಿನ ಬೀಗ ಬೇರೆ, ಈ ಕೀಲಿ ಸರಿಯಾಗಿ ಕೂರುವುದಿಲ್ಲ. ಮೀನಿಗೆ ಸಾವಿರ ಪಟ್ಟಿಗಿಂತ ಜಾಸ್ತಿ ಬೇಕು. ಆದರೆ ಸೀಗಡಿ, ಏಡಿ ಎಲ್ಲ ಹುಳದ ಹತ್ತಿರದ ನೆಂಟರು. ಹುಳಕ್ಕೆ ಇಟ್ಟ ಗುರಿ ಅವರಿಗೂ ತಾಗುತ್ತದೆ. ನಮ್ಮೂರಲ್ಲಿ ನೀರು ಕೆಟ್ಟಿದೆಯಾ ಅಂತ ನೋಡುವುದು ಮೀನು ತೇಲಿದಾಗ ಮಾತ್ರ. ಮೀನು ಓಡಾಡುತ್ತಿದ್ದರೆ ತೋಡು ಚೆನ್ನಾಗಿದೆ ಅಂತ ಮನೆಗೆ ಬರುತ್ತೇವೆ. ಮಳೆಗಾಲದ ಕಕ್ಕಡ ತಿಂಗಳಲ್ಲಿ ಗದ್ದೆಗೆ ಇಳಿದು ಏಡಿ ಹಿಡಿಯುವವರನ್ನು ಕೇಳಿ ನೋಡಿ, ಮೊದಲು ಅರ್ಧ ಗಂಟೆಗೆ ಎಷ್ಟು ಸಿಗುತ್ತಿತ್ತು, ಈಗ ಎಷ್ಟು ಅಂತ.

ಇಷ್ಟು ಕೇಳಿ ಕೆಲವರು, "ಹಾಗಾದರೆ ಆ ಡಾಫ್ನಿಯಾ ಸಂಖ್ಯೆ ನೋಡಿ ಮದ್ದು ತಂದರೆ ಆಯ್ತಲ್ವಾ" ಅನ್ನಬಹುದು. ಸ್ವಲ್ಪ ತಡೆಯಿರಿ. ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ ಗೊತ್ತಲ್ಲ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಡಾಫ್ನಿಯಾ ಅದಕ್ಕೆ ಜಗ್ಗುವುದೇ ಇಲ್ಲ. ಅರ್ಧ ಮರಿ ಬೀಳಲು ಲೀಟರಿಗೆ ಸುಮಾರು 85 ಮಿಲಿಗ್ರಾಂ ಬೇಕು. ಕಾಗದದ ಮೇಲೆ ಸಾಧು ಮದ್ದು. ಆದರೆ ತೋಡಿನ ಕಲ್ಲು ಎತ್ತಿ ತಿರುಗಿಸಿದರೆ ಅಡಿಯಲ್ಲಿ ಚಪ್ಪಟೆಯಾಗಿ, ಮೂರು ಬಾಲದ ಹುಳಗಳು ಸರ್ರನೆ ಜಾರುತ್ತವೆ ನೋಡಿ, ಮೇಫ್ಲೈ ಮರಿಗಳು, ಅವುಗಳಿಗೆ ಅದರ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆಯಲ್ಲೇ ಏಟು ಬೀಳುತ್ತದೆ. ಒಂದೇ ಜೀವಿಯನ್ನು ಸಾಕ್ಷಿ ಮಾಡಿದರೆ ಹೀಗೇ ಆಗುವುದು. ಆ ಸಾಕ್ಷಿಗೆ ಕಾಣದ್ದು ನಡೆದೇ ಇಲ್ಲ ಅಂತ ತೀರ್ಪು. 2011ರಲ್ಲಿ ಒಇಸಿಡಿ ಕೆಸರಲ್ಲಿ ಬೆಳೆಯುವ ಒಂದು ನೊಣದ ಮರಿಗೂ 48 ಗಂಟೆಯ ಪರೀಕ್ಷೆ ತಂದಿತು. ಅದು 235ನೇ ನಂಬರು. ಡಾಫ್ನಿಯಾ ಒಂದೇ ಸಾಲದು ಅಂತ ಅವರಿಗೂ ಅನ್ನಿಸಿರಬೇಕು.

ಇನ್ನು ನೀರಿನ ವಿಷಯ. ನಮ್ಮ ಮನೆಯಲ್ಲಿ ಹತ್ತು ವರ್ಷದ ಹಳೆಯ ಕೆಟಲ್ ಇದೆ. ಅದರ ತಳದಲ್ಲಿ ಒಂದು ಚೂರು ಸುಣ್ಣ ಕಟ್ಟಿಲ್ಲ. ಬಯಲುಸೀಮೆಯ ನೆಂಟರು ಬಂದರೆ ಸೋಪು ತೊಳೆದಷ್ಟೂ ಹೋಗುವುದಿಲ್ಲ ಅಂತ ಗೊಣಗುತ್ತಾರೆ. ಕೊಡಗಿನ ತೋಡಿನ ನೀರು ಅಷ್ಟು ಮೆದು. ಆದರೆ ಆ 202ನೇ ಮಾರ್ಗಸೂಚಿ ಡಾಫ್ನಿಯಾಗೆ ಹೇಳುವುದು ಲೀಟರಿಗೆ 140ರಿಂದ 250 ಮಿಲಿಗ್ರಾಂ ಗಡಸುತನದ ನೀರು. ಇದರಿಂದ ಏನಾಯಿತು? ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ಮದ್ದು ಹೊಡೆಯುತ್ತೇವಲ್ಲ, ಕಾಫಿಗೆ 0.5%, ಮೆಣಸಿಗೆ 1%. ಅದರ ಮೈಲುತುತ್ತದಲ್ಲಿರುವುದು ತಾಮ್ರ. ಗಡಸು ನೀರಲ್ಲಿ ಕ್ಯಾಲ್ಸಿಯಂ ತುಂಬಿರುತ್ತದೆ, ಅದು ಕಿವಿರಿನ ಬಾಗಿಲಲ್ಲಿ ತಾಮ್ರದ ಜೊತೆ ಜಾಗಕ್ಕೆ ಗುದ್ದಾಡುತ್ತದೆ. ಮೆದು ನೀರಲ್ಲಿ ಗುದ್ದಾಡುವವರಿಲ್ಲ, ತಾಮ್ರ ನೇರ ಒಳಗೆ. ಅಲ್ಲಿ ಬಂದ ಸಂಖ್ಯೆಯನ್ನು ಇಲ್ಲಿಗೆ ಹಾಗೇ ಅಂಟಿಸಿದರೆ ಪೆಟ್ಟು ತಿನ್ನುವುದು ನಮ್ಮ ತೋಡು. ಬೋರ್ಡೋ ಸಾವಯವದವರಿಗೂ ನಡೆಯುತ್ತದೆ ಅಂತ ಎದೆ ತಟ್ಟಿಕೊಳ್ಳುವವರು ಇದನ್ನು ಸ್ವಲ್ಪ ಕೇಳಿಸಿಕೊಳ್ಳಲಿ. ಅಂದಹಾಗೆ, ಪರೀಕ್ಷೆಯ ಕೋಣೆಯ ಉಷ್ಣತೆ 18ರಿಂದ 22 ಡಿಗ್ರಿ. ಅದೊಂದು ಮಾತ್ರ ಮಡಿಕೇರಿಗೆ ಹೇಳಿ ಮಾಡಿಸಿದ ಹಾಗಿದೆ.

ನಾನು ಮದ್ದು ಬಿಡಿ ಅನ್ನುತ್ತಿಲ್ಲ. ಕಾಯಿಕೊರಕ, ಕಾಂಡಕೊರಕ ಬಿದ್ದ ತೋಟದ ಮಾಲೀಕನ ಮುಂದೆ ಕೂತು ಹಾಗೆ ಹೇಳುವ ಧೈರ್ಯ ನನಗಿಲ್ಲ. ಹಸಿರು ಗುರುತಿನ ಮದ್ದು ಬಂದದ್ದು ದೊಡ್ಡ ಲಾಭವೇ. ಪಕ್ಕದ ಕಾಸರಗೋಡಿನ ಎಂಡೋಸಲ್ಫಾನ್ ಗೋಳು ನೋಡಿದ್ದೇವೆ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ನಿಲ್ಲಿಸಿತು. ಮದ್ದು ಹೊಡೆಯುವ ಮನುಷ್ಯ ಸಂಜೆ ಆಸ್ಪತ್ರೆಗೆ ಹೋಗದೆ ಲೈನ್ ಮನೆಗೆ ಹೋಗುವುದೇ ಮೊದಲ ವಿಷಯ. ನನ್ನ ತಕರಾರು ಒಂದೇ. ಮನುಷ್ಯನ ಸುರಕ್ಷೆಗೆ ಬಳಿದ ಬಣ್ಣ, ತೋಡಿಗೆ ಇಳಿಯಲು ಪರವಾನಗಿ ಆಗಿಬಿಟ್ಟಿದೆ.

ಆ ಬಣ್ಣದ ಪಕ್ಕ ಒಂದು ಏಡಿಯ ಚಿತ್ರ ಹಾಕಲಿ. ಕೆಳಗೆ ಕನ್ನಡದಲ್ಲಿ ಒಂದೇ ಸಾಲು: ನೀರಿನ ಸಣ್ಣ ಜೀವಿಗಳಿಗೆ ಕಡು ವಿಷ. ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ. ಲೀಟರಿಗೆ 1 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಲ್ಲಿ ಇಂಥ ಜೀವಿಗಳನ್ನು ಬೀಳಿಸುವ ರಾಸಾಯನಿಕಕ್ಕೆ ವಿಶ್ವಸಂಸ್ಥೆಯ ವರ್ಗೀಕರಣದಲ್ಲಿ ಅತಿ ಅಪಾಯದ ಮೊದಲ ದರ್ಜೆ ಇದೆ, ಸತ್ತ ಮೀನು, ಒಣಗಿದ ಮರದ ಚಿತ್ರವೂ ಇದೆ. ನಾನು ತಂದ ಡಬ್ಬದ ಮದ್ದು ಆ ಗೆರೆಗಿಂತ ಎಂಬತ್ತು ಪಟ್ಟು ಕೆಳಗಿದೆ.

ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದೆ, ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ. ಲೋಟ, ಗಡಿಯಾರ, ನಮ್ಮದೇ ತೋಡಿನ ನೀರು, ನಮ್ಮದೇ ಸೀಗಡಿ ಮರಿ, ಮೇಫ್ಲೈ ಮರಿ. ಇಷ್ಟರಲ್ಲಿ ಇದೇ 48 ಗಂಟೆಯ ಪರೀಕ್ಷೆ ಮಾಡಬಹುದು. ಕೋಟಿಗಟ್ಟಲೆ ದುಡ್ಡಿನ ಯಂತ್ರ ಬೇಕಾದ ಕೆಲಸ ಅಲ್ಲ ಇದು, ತಾಳ್ಮೆ ಇರುವ ನಾಲ್ಕು ವಿದ್ಯಾರ್ಥಿಗಳಿದ್ದರೆ ಸಾಕು.

ಅಲ್ಲಿಯವರೆಗೆ ಒಂದು ಉಪಾಯ ಹೇಳುತ್ತೇನೆ. ಪ್ರತಿ ಮದ್ದಿಗೂ ಸುರಕ್ಷತಾ ಮಾಹಿತಿ ಪತ್ರ ಇರುತ್ತದೆ, ಮೊಬೈಲಲ್ಲಿ ಹುಡುಕಿದರೆ ಸಿಗುತ್ತದೆ. ಅದರಲ್ಲಿ 12ನೇ ಭಾಗ ಪರಿಸರದ್ದು. ಡಾಫ್ನಿಯಾ, 48 ಗಂಟೆ ಅಂತ ಒಂದು ಸಾಲು ಅಲ್ಲೇ ಇರುತ್ತದೆ.

ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದ್ದೆ. ಮೊನ್ನೆ ಮತ್ತೆ ಮದ್ದಿನ ದಿನ. ಡಬ್ಬ ನನ್ನ ಕೈಗೆ ಕೊಟ್ಟು, "ಆ ಹನ್ನೆರಡನೇದು ಓದು ಮಾರಾಯ" ಅಂದರು. ಓದಿದೆ. "ಮೈಕ್ರೋವಾ, ಮಿಲಿಯಾ?" ಅಂತ ಕೇಳಿದರು. ಮೈಕ್ರೋ ಅಂದೆ. ಬಕೆಟ್, ಡಬ್ಬ ಮೂರು ಸಲ ತೊಳೆಸಿದರು. ಮೂರು ಸಲದ ನೀರನ್ನೂ ಪಂಪಿಗೇ ಸುರಿಸಿ, ಕೊನೆಯ ಮಡಿಗೆ ಹೊಡೆಸಿದರು. ನಾನು ಕೈ ಕಾಲು ತೊಳೆಯಲು ತೋಡಿನ ಕಡೆ ಹೊರಟರೆ ಅಂಗಳದ ನಲ್ಲಿ ತೋರಿಸಿದರು.